ಅಡ್ಡ ಬಂದವನ ಮನಸ್ಸು

2011ರಲ್ಲಿ ಪುಣೆಗೆ ಐಪಿಎಲ್ ತಂಡ ದಕ್ಕಿತು. ರಾಬಿನ್ ಉತ್ತಪ್ಪ, ಮನೀಷ್ ಪಾಂಡೆ ಆಡುತ್ತಿದ್ದುದರಿಂದ ಪುಣೆ ವಾರಿಯರ್ಸ್ ಮೇಲೆ ಕನ್ನಡಿಗರೂ ಒಂದು ಕಣ್ಣಿಟ್ಟಿದ್ದರು. ಮೂರೇ ವರ್ಷ ಬಾಳಿದ ಆ ತಂಡ ಕಪ್ ಗೆಲ್ಲಲಿಲ್ಲ. ಆದರೂ ದಾಖಲೆ ಪುಸ್ತಕದ ವಿಚಿತ್ರ ಮೂಲೆಯೊಂದರಲ್ಲಿ ಅದರ ಹೆಸರಿದೆ.

2013ರ ಮೇ 15, ರಾಂಚಿ. ಕೋಲ್ಕತ್ತಾದ ಯೂಸುಫ್ ಪಠಾಣ್ 72 ರನ್ ಹೊಡೆದು ಪಂದ್ಯವನ್ನು ಕಸಿಯುವ ಹುಮ್ಮಸ್ಸಿನಲ್ಲಿದ್ದರು. ಪುಣೆಯ ವೇಯ್ನ್ ಪಾರ್ನೆಲ್ ಎಸೆತ ಅಲ್ಲೇ ಉರುಳಿತು. ಬೌಲರ್ ಹೆಕ್ಕಲು ಬಾಗುವಷ್ಟರಲ್ಲಿ ರನ್ನಿಗೆ ಓಡುತ್ತಿದ್ದ ಪಠಾಣ್ ಕಾಲು ಚೆಂಡನ್ನು ಆಚೆ ತಳ್ಳಿತು. ಕ್ಷೇತ್ರರಕ್ಷಣೆಗೆ ಅಡ್ಡಿ, ಔಟ್! ಐಪಿಎಲ್‌ನಲ್ಲಿ ಹಾಗೆ ಹೊರನಡೆದವರಲ್ಲಿ ಅವರೇ ಮೊದಲಿಗರು. ಪುಣೆ 7 ರನ್‌ಗಳಿಂದ ಗೆದ್ದಿತು.

ಬೇಕೆಂದೇ ಒದ್ದರೇ? ಈ ನಿಯಮದ ಜೀವ ಇರುವುದೇ ಈ ಪ್ರಶ್ನೆಯಲ್ಲಿ.

ಇಂಥ ನಿಯಮಗಳ ಹಿಂದೆ ರಕ್ತವೂ ಇದೆ. 1624ರಲ್ಲಿ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಕ್ಯಾಚ್ ಹಿಡಿಯಲು ಬಂದ ಜ್ಯಾಸ್ಪರ್ ವಿನಾಲ್ ತಲೆಗೆ, ಚೆಂಡನ್ನು ಎರಡನೇ ಸಲ ಹೊಡೆಯಹೋದವನ ಬ್ಯಾಟ್ ಬಡಿಯಿತು. ಕೆಲವೇ ದಿನಗಳಲ್ಲಿ ಅವನು ಸತ್ತ. ಟೆಸ್ಟ್‌ನಲ್ಲಿ ಅಡ್ಡಿಯ ಕಾರಣಕ್ಕೆ ಮೊದಲು ಔಟಾದವರು ಇಂಗ್ಲೆಂಡಿನ ಲೆನ್ ಹಟ್ಟನ್, 1951ರಲ್ಲಿ ಓವಲ್‌ನಲ್ಲಿ. ಸ್ಟಂಪ್ ಉಳಿಸಲು ಬೀಸಿದ ಬ್ಯಾಟಿನಿಂದ ಕೀಪರ್ ರಸೆಲ್ ಎಂಡೀನ್‌ಗೆ ಕ್ಯಾಚ್ ತಪ್ಪಿತು. ವಿಧಿಯ ಕುಚೋದ್ಯ ನೋಡಿ, 1957ರಲ್ಲಿ ಅದೇ ಎಂಡೀನ್ ಚೆಂಡನ್ನು ಕೈಯಿಂದ ತಳ್ಳಿ ಔಟಾದರು. ನಮ್ಮ ಮೊಹಿಂದರ್ ಅಮರನಾಥ್‌ಗಂತೂ ಏಕದಿನ ಪಂದ್ಯಗಳಲ್ಲಿ ಎರಡೂ ಪ್ರಸಾದ ಸಿಕ್ಕಿದವು: 1986ರಲ್ಲಿ ಕೈ, 1989ರಲ್ಲಿ ಅಡ್ಡಿ.

ಬೇಕೆಂದೇ ಮಾಡಿದ್ದೇ ಎಂಬ ಪ್ರಶ್ನೆಯನ್ನು ಬೇಸ್‌ಬಾಲ್ ಸುಲಭ ಮಾಡಿಕೊಳ್ಳಲು ನೋಡಿತು. ಬ್ಯಾಟರ್ ತನ್ನ ಚೌಕ ಬಿಟ್ಟು ಕ್ಯಾಚರ್‌ಗೆ ಅಡ್ಡಬಂದರೆ ಸಾಮಾನ್ಯವಾಗಿ ಔಟ್, ಮನಸ್ಸಿನಲ್ಲಿ ಏನಿತ್ತೆಂದು ಕೆದಕಬೇಕಿಲ್ಲ. ಆದರೂ 1975ರ ವರ್ಲ್ಡ್ ಸೀರೀಸ್‌ನ ಮೂರನೇ ಪಂದ್ಯದಲ್ಲಿ ಸಿನ್ಸಿನಾಟಿಯ ಎಡ್ ಆರ್ಮ್‌ಬ್ರಿಸ್ಟರ್ ಚೆಂಡನ್ನು ಮೆಲ್ಲಗೆ ತಟ್ಟಿ (ಬಂಟ್) ಬೋಸ್ಟನ್‌ನ ಕ್ಯಾಚರ್ ಕಾರ್ಲ್‌ಟನ್ ಫಿಸ್ಕ್‌ಗೆ ಡಿಕ್ಕಿಯಾದಾಗ, ಅದು ಬೇಕೆಂದೇ ಮಾಡಿದ್ದಲ್ಲವೆಂದು ಅಂಪೈರ್ ಲ್ಯಾರಿ ಬಾರ್ನೆಟ್ ಬಿಟ್ಟುಬಿಟ್ಟರು. ಬೋಸ್ಟನ್ ಆ ಪಂದ್ಯ ಸೋತಿತು. ಅಲ್ಲಿನ ಅಭಿಮಾನಿಗಳು ಬಾರ್ನೆಟ್‌ರನ್ನು ಕ್ಷಮಿಸಲಿಲ್ಲ.

2017ರಲ್ಲಿ ಕ್ರಿಕೆಟ್ ‘ಚೆಂಡನ್ನು ಕೈಯಿಂದ ಮುಟ್ಟಿದ್ದು’ ಎಂಬ ಔಟನ್ನು ತೆಗೆದು ‘ಅಡ್ಡಿ’ಯೊಳಗೇ ಸೇರಿಸಿತು. 2023ರ ಡಿಸೆಂಬರ್‌ನಲ್ಲಿ ಮೀರ್‌ಪುರದಲ್ಲಿ ಬಾಂಗ್ಲಾದೇಶದ ಮುಷ್ಫಿಕುರ್ ರಹೀಂ ಚೆಂಡನ್ನು ಕೈಯಿಂದ ತಳ್ಳಿ ಆ ಲೆಕ್ಕದಲ್ಲಿ ಔಟಾದರು. ಟೆಸ್ಟ್‌ನಲ್ಲಿ ಹಟ್ಟನ್ ನಂತರ ಅವರೇ ಎರಡನೆಯವರು.