ಸಂಗಮದ ಕಾಲುಸೇತುವೆ

ಝಳಕಿಯ ಕಡೆಯಿಂದ ವಿಜಯಪುರವನ್ನು ಹಾಯ್ದು ಹುನಗುಂದಕ್ಕೆ ಹೋಗುವ ಹೆದ್ದಾರಿಯಲ್ಲಿ ನೀವು ಎಂದಾದರೂ ಪ್ರಯಾಣ ಮಾಡಿರಬಹುದು. ಕೃಷ್ಣೆಯನ್ನು ದಾಟಿದ ಮೇಲೆ ಕೂಡಲಸಂಗಮಕ್ಕೆ ತಿರುಗುವ ದಾರಿ ಸಿಗುತ್ತದೆ. ಅಲ್ಲಿ ದಡದಿಂದ ನೀರಿನ ಮೇಲೆ ಚಾಚಿಕೊಂಡ ಒಂದು ಸೇತುವೆಯಿದೆ. ಅದರ ಮೇಲೆ ಗಾಡಿ ಹೋಗುವುದಿಲ್ಲ, ಅದು ಇನ್ನೊಂದು ದಡವನ್ನೂ ಮುಟ್ಟುವುದಿಲ್ಲ. ನಡೆದು ಬರುವವರನ್ನು ಬಸವಣ್ಣನವರ ಐಕ್ಯಸ್ಥಳಕ್ಕೆ ಮುಟ್ಟಿಸುವುದೊಂದೇ ಅದರ ಕೆಲಸ.

ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಎಳೆಯ ವಯಸ್ಸಿನಲ್ಲಿಯೇ ಮನೆ ಬಿಟ್ಟು, ಮಲಪ್ರಭೆ ಕೃಷ್ಣೆಯನ್ನು ಕೂಡುವ ಈ ಸ್ಥಳಕ್ಕೆ ಬಂದು ವಿದ್ಯೆ ಕಲಿತರು. ಮುಂದೆ ಕಲ್ಯಾಣದಲ್ಲಿ ಬಿಜ್ಜಳನ ಮಂತ್ರಿಯಾದರೂ ಅವರ ವಚನಗಳ ಅಂಕಿತ ಈ ಊರಿನ ದೇವರದೇ ಆಯಿತು. ಕಲ್ಯಾಣದ ಕ್ರಾಂತಿಯ ಕಾಲದಲ್ಲಿ, 12ನೆಯ ಶತಮಾನದ ಉತ್ತರಾರ್ಧದಲ್ಲಿ, ಅವರು ಮರಳಿ ಬಂದು ಐಕ್ಯರಾದುದೂ ಇಲ್ಲಿಯೇ. ಅವರ ಮಡದಿ ನೀಲಮ್ಮನವರ ಐಕ್ಯಸ್ಥಳ ಆಚೆಯ ದಡದಲ್ಲಿ, ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿದೆ.

ಎಂಟು ನೂರು ವರ್ಷಗಳ ತರುವಾಯ ಈ ಸ್ಥಳಕ್ಕೆ ಗಂಡಾಂತರ ಬಂದಿತು. ಬರಗಾಲದ ಈ ನಾಡಿಗೆ ನೀರುಣಿಸಲು ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟರು. ಕೆಳಗೆ ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿಯಿತು. ಅದರ ಜಲಾಶಯ ತುಂಬಿದಾಗ ನೀರು ಸಮುದ್ರಮಟ್ಟದಿಂದ ಸುಮಾರು 492 ಮೀಟರ್ ಎತ್ತರಕ್ಕೆ ಏರುತ್ತದೆ. ಹಿನ್ನೀರು ಸಂಗಮವನ್ನು ಮುಟ್ಟಿತು. ನದಿಯ ಪಾತ್ರದಲ್ಲಿದ್ದ ಐಕ್ಯಲಿಂಗ ಮುಳುಗಬೇಕಾಯಿತು.

ಇಂಥಲ್ಲಿ ಏನು ಮಾಡಬೇಕು? ಈಜಿಪ್ತಿನಲ್ಲಿ ಅಬು ಸಿಂಬೆಲ್‌ನ ಗುಡಿಗಳನ್ನು 1964ರಿಂದ 1968ರ ವರೆಗೆ ಕೊಯ್ದು ಎತ್ತರದಲ್ಲಿ ಮತ್ತೆ ಜೋಡಿಸಿದರು. ಶ್ರೀಶೈಲದ ಜಲಾಶಯಕ್ಕಾಗಿ ಕೂಡವೆಲ್ಲಿಯ ಸಂಗಮೇಶ್ವರನ ಗುಡಿಯನ್ನು ಬಿಚ್ಚಿ ಆಲಂಪುರದಲ್ಲಿ ಕಟ್ಟಿದರು. ಗುಡಿಯ ಕಲ್ಲುಗಳನ್ನು ಸಾಗಿಸಬಹುದು. ಆದರೆ ಐಕ್ಯವಾದ ನೆಲವನ್ನು ಸಾಗಿಸುವುದು ಹೇಗೆ? ಆದುದರಿಂದ ಇಲ್ಲಿ ಲಿಂಗವನ್ನು ಅಲುಗಿಸದೆ ಅದರ ಸುತ್ತಲೂ ಬಾವಿಯಂತೆ ದುಂಡನೆಯ ಗೋಡೆಯನ್ನೆಬ್ಬಿಸಿದರು. ದಡದಿಂದ ಅಲ್ಲಿಗೆ ಸೇತುವೆ ಕಟ್ಟಿದರು. ಸೇತುವೆಯ ಮೇಲೆ ನಡೆದು, ಮೆಟ್ಟಿಲಿಳಿದು ಲಿಂಗದ ಬಳಿಗೆ ಹೋದರೆ, ಗೋಡೆಯ ಹೊರಗೆ ಹೊಳೆಯ ನೀರು ನಿಮ್ಮ ತಲೆಗಿಂತ ಮೇಲಿರುತ್ತದೆ!

ದೇಹವೇ ದೇಗುಲವೆಂದು ಬಗೆದವರಿಗೆ, ಸ್ಥಾವರ ಅಳಿಯುವುದೆಂದು ಸಾರಿದವರಿಗೆ ಕಾಂಕ್ರೀಟಿನ ಗೋಡೆ ಏಕೆ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಯೋಜನೆಯಲ್ಲಿ ಮುಳುಗಿದ ಹಳ್ಳಿಗಳ ಮನೆಗಳಿಗೆ, ಹಿರಿಯರ ಸಮಾಧಿಗಳಿಗೆ ಇಂಥ ಗೋಡೆಯನ್ನು ಯಾರೂ ಕಟ್ಟಲಿಲ್ಲ. ಹಳೆಯ ಬಾಗಲಕೋಟೆಯ ದೊಡ್ಡ ಭಾಗವೂ ನೀರಿಗೆ ಹೋಯಿತು. ಊರು ಬಿಟ್ಟವರ ಆ ತ್ಯಾಗದಿಂದಲೇ ಇಂದು ಎಷ್ಟೋ ಹೊಲಗಳು ಹಸುರಾಗಿವೆ ಎಂಬುದನ್ನು ಮರೆಯಲಾಗದು.

ಆದರೆ ಜಂಗಮವೆಂದರೆ ಚಲಿಸುವುದು. ಈ ಸೇತುವೆಯ ಮೇಲೆ ಎಲ್ಲ ಜಾತಿಯವರೂ, ಬಡವರೂ ಬಲ್ಲಿದರೂ ಒಂದೇ ಹಾದಿಯಲ್ಲಿ ನಡೆದೇ ಹೋಗಬೇಕು. ಬಸವಣ್ಣನವರು ಬಯಸಿದ ಸಮಾಜವೂ ಇಂಥದೇ ಅಲ್ಲವೇ? ನೀವು ಮುಂದೊಮ್ಮೆ ಅಲ್ಲಿಗೆ ಹೋದಾಗ ಸೇತುವೆಯ ನಡುವೆ ಕ್ಷಣಹೊತ್ತು ನಿಲ್ಲಿರಿ. ಲಿಂಗಕ್ಕೆ ಕೈಮುಗಿಯುವ ಮುನ್ನ, ನೀರಿನಡಿಯ ಆ ಹಳ್ಳಿಗಳನ್ನೂ ಒಮ್ಮೆ ನೆನೆಯಿರಿ.