ಬಕ್ಡನ್ ಪೈಕ್ ವಿಮಾನ ದುರಂತ (1942)

ಎರಡನೇ ಮಹಾಯುದ್ಧದ ನಡುವೆ, 1942ರ ಜನವರಿ ಕೊನೆಯಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್ ಪ್ರದೇಶದ ಬಕ್ಡನ್ ಪೈಕ್ ಬೆಟ್ಟಕ್ಕೆ ವೆಲ್ಲಿಂಗ್ಟನ್ ಬಾಂಬರ್ ವಿಮಾನವೊಂದು ಅಪ್ಪಳಿಸಿತು. ಅದರಲ್ಲಿದ್ದ ಆರು ಮಂದಿಯಲ್ಲಿ ಐವರು ಸತ್ತರು. ಎಲ್ಲರೂ ಪೋಲೆಂಡಿನವರು, ತಾಯ್ನಾಡು ಹಿಟ್ಲರನ ವಶವಾದ ಮೇಲೆ ಬ್ರಿಟನ್ನಿನಿಂದ ಹೋರಾಡಲು ನಿಂತವರು. ಆದರೆ ಅಂದು ಶತ್ರುವಿನ ಗುಂಡು ಹಾರಲೇ ಇಲ್ಲ. ಅದು ತರಬೇತಿ ಹಾರಾಟ.

ಎನ್2848 ಸಂಖ್ಯೆಯ ಈ ವಿಮಾನ ಬ್ರಾಮ್‌ಕೋಟ್ ನೆಲೆಯದು. ಪೋಲಿಷ್ ಬಾಂಬರ್ ಸಿಬ್ಬಂದಿಯನ್ನು ಪಳಗಿಸುವ 18ನೇ ತರಬೇತಿ ಘಟಕ ಅಲ್ಲಿತ್ತು. ದಾರಿಯಲ್ಲಿ ಹಿಮಬಿರುಗಾಳಿ ಕವಿಯಿತು. ಬೆಟ್ಟದ ಎತ್ತರ ಬರೀ 702 ಮೀಟರ್. ಆದರೆ ಆ ಕಾಲದ ಎತ್ತರಮಾಪಕ ಗಾಳಿಯ ಒತ್ತಡವನ್ನಷ್ಟೇ ಬಲ್ಲದು. ಒತ್ತಡ ಕುಸಿದರೆ ಮುಳ್ಳು ಇರುವುದಕ್ಕಿಂತ ಹೆಚ್ಚು ಎತ್ತರ ತೋರಿಸುತ್ತಿತ್ತು. ದಾರಿಯನ್ನೂ ದಿಕ್ಕು, ವೇಗ, ಗಡಿಯಾರ ಹಿಡಿದೇ ಲೆಕ್ಕ ಹಾಕಬೇಕಿತ್ತು. ಗಾಳಿ ಪಕ್ಕಕ್ಕೆ ತಳ್ಳಿದ್ದು ಮೋಡದೊಳಗಿದ್ದವರಿಗೆ ಗೊತ್ತಾಗುತ್ತಿರಲಿಲ್ಲ. ಇಂಥ ಸಾವು ಅಪರೂಪವೂ ಅಲ್ಲ. ಬ್ರಿಟಿಷ್ ಬಾಂಬರ್ ಕಮಾಂಡ್ ಕಳೆದುಕೊಂಡ 55 ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಸುಮಾರು 8 ಸಾವಿರ ಜನ ಸತ್ತದ್ದು ತರಬೇತಿಯಂಥ ಯುದ್ಧೇತರ ಸಂದರ್ಭಗಳಲ್ಲಿ.

ಬದುಕುಳಿದದ್ದು ಬಾಲದ ಗೋಪುರದಲ್ಲಿ ಕೂತಿದ್ದ ಗನ್ನರ್ ಯುಜೆಫ್ ಫುಸ್ನಿಯಾಕ್. ಕಾಲು ಮುರಿದಿತ್ತು. ಜೀವ ಹಿಡಿದುಕೊಂಡಿದ್ದ ಒಬ್ಬ ಸಂಗಡಿಗನನ್ನು ಅವಶೇಷದ ಬಳಿ ಬಿಟ್ಟು, ನೆರವು ತರಲೆಂದು ಆತ ಹಿಮದಲ್ಲಿ ತೆವಳಿದ. ದಿಕ್ಕು ತಿಳಿಯದಾದಾಗ ನರಿಯ ಹೆಜ್ಜೆ ಗುರುತು ಕಣ್ಣಿಗೆ ಬಿತ್ತು. ಇಂಥ ಹವೆಯಲ್ಲಿ ನರಿ ಹೊಟ್ಟೆಪಾಡಿಗೆ ಊರ ಕಡೆಗೇ ಇಳಿದಿರಬೇಕು ಎಂದು ಎಣಿಸಿ, ಆ ಗುರುತನ್ನೇ ಹಿಡಿದು ಕ್ರೇ ಹಳ್ಳಿ ಮುಟ್ಟಿದ. ಊರವರು ವಿಮಾನ ಹುಡುಕಲು ಹೊರಟರೂ ಹಿಮ ಬಿಡಲಿಲ್ಲ. ಮೇಲಿದ್ದ ಸಂಗಡಿಗ ಉಳಿಯಲಿಲ್ಲ.

ನರಿಯ ಪ್ರಸಂಗ ಎಷ್ಟು ಸೊಗಸೆಂದರೆ, ಈ ದುರಂತದ ಬಗ್ಗೆ ಹೇಳುವವರು ಬಹುಮಟ್ಟಿಗೆ ಅಲ್ಲೇ ನಿಂತುಬಿಡುತ್ತಾರೆ. ಎತ್ತರಮಾಪಕದ ಮಾತು ಬರುವುದೇ ಇಲ್ಲ. ಫುಸ್ನಿಯಾಕ್ 1973ರಲ್ಲಿ ಬೆಟ್ಟದ ಮೇಲೆ ನಿಲ್ಲಿಸಿದ ಕಲ್ಲಿನ ಶಿಲುಬೆಯ ಬುಡದಲ್ಲೂ ಕಂಚಿನ ನರಿತಲೆ ಇದೆ, ಪಕ್ಕದಲ್ಲಿ ಕಾಂಕ್ರೀಟಿನಲ್ಲಿ ಹುದುಗಿಸಿದ ವಿಮಾನದ ಚೂರುಗಳು. ಸತ್ತ ಐವರ ಸಮಾಧಿ ಇರುವುದು ಇಂಗ್ಲೆಂಡಿನ ನ್ಯೂಆರ್ಕ್ ಊರಿನಲ್ಲಿ. ದೇಶಭ್ರಷ್ಟ ಪೋಲಿಷ್ ಸರ್ಕಾರದ ಪ್ರಧಾನಿ ಸಿಕೋರ್ಸ್ಕಿ 1943ರಲ್ಲಿ ವಿಮಾನಾಪಘಾತದಲ್ಲೇ ಸತ್ತಾಗ ಅವರನ್ನು ಹೂಳಿದ್ದೂ ಅದೇ ಊರಿನಲ್ಲಿ.

ಹೀಗೆ ಬೆಟ್ಟಗಳಲ್ಲಿ ಬಿದ್ದವರನ್ನು ಹುಡುಕಿ ತರಲು ಬ್ರಿಟಿಷ್ ವಾಯುಪಡೆಯಲ್ಲಿ ಅಧಿಕೃತ ಪರ್ವತ ರಕ್ಷಣಾ ಸೇವೆ ಬಂದದ್ದು 1943ರಲ್ಲಿ. ವೇಲ್ಸ್‌ನ ಲ್ಯಾಂಡ್ರೋಗ್ ನೆಲೆಯ ವೈದ್ಯಾಧಿಕಾರಿ ಜಾರ್ಜ್ ಗ್ರಹಾಂ ಕಟ್ಟಿದ ತಂಡವೇ ಅದಕ್ಕೆ ಬುನಾದಿ.