ಕುಲುಮೆಯಲ್ಲಿ ಸಿಕ್ಕದ ಹಳದಿ ಪುಡಿ

ಹಳೆಯ ವಾಲ್ವು ರೇಡಿಯೋವನ್ನು ಅಟ್ಟದ ಮೇಲೆ ಜೋಪಾನವಾಗಿ ಇಟ್ಟುಕೊಂಡಿರುವ ಮನೆಗಳು ಇನ್ನೂ ಇವೆ. ನಿಮ್ಮದೂ ಅಂಥ ಮನೆಯಾಗಿದ್ದರೆ, ಅದರ ಬೆನ್ನಿನ ಹಲಗೆಯನ್ನು ಬಿಚ್ಚಿ, ಒಂದು ವಾಲ್ವನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಕೂದಲೆಳೆಯಂಥ ತಂತಿಯಿಂದ ಸುತ್ತಿದ ಜಾಲರಿ ಕಾಣುತ್ತದೆ. ಈ ತಂತಿಗೆ ಅನೇಕ ವೇಳೆ ಬಳಸುತ್ತಿದ್ದ ಲೋಹ ಮಾಲಿಬ್ಡಿನಮ್. 2600 ಡಿಗ್ರಿ ಸೆಂಟಿಗ್ರೇಡಿನವರೆಗೂ ಅದು ಕರಗದು. ಆದರೆ ಈ ಶೌರ್ಯವೆಲ್ಲ ಗಾಳಿಯನ್ನು ಹೊರದೂಡಿದ ಗಾಜಿನೊಳಗೆ ಮಾತ್ರ. ಬಯಲಿನಲ್ಲಿ ಕೆಂಪಗೆ ಕಾಯಿಸಿದರೆ ಅದೇ ಲೋಹ ಬಿಳಿ ಹೊಗೆಯಾಗಿ ಹೊರಟುಹೋಗುತ್ತದೆ! ಆ ಹೊಗೆಯೇ ಮಾಲಿಬ್ಡಿನಮ್ ಟ್ರೈಆಕ್ಸೈಡು; ಲೋಹದ ಒಂದು ಪರಮಾಣುವಿಗೆ ಆಮ್ಲಜನಕದ ಮೂರು. 795 ಡಿಗ್ರಿಗೇ ಕರಗುವ ಸುಕುಮಾರ ವಸ್ತು. ಅದರ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ. ಸ್ವೀಡನ್ ದೇಶದಲ್ಲಿ ಮೊದಲಾದ ಈ ಕಥೆ ದೇವನಹಳ್ಳಿಗೆ ಹೋಗುವ ರಸ್ತೆಯ ಮಗ್ಗುಲಿಗೆ ಬಂದು ಮುಟ್ಟುತ್ತದೆ.

1778ರಲ್ಲಿ ಷೀಲೆ ಎಂಬ ಔಷಧಿ ವ್ಯಾಪಾರಿ ಒಂದು ಕಪ್ಪು ಖನಿಜವನ್ನು ಪರೀಕ್ಷಿಸುತ್ತಿದ್ದ. ಮುಟ್ಟಿದರೆ ಕೈಗೆ ಮಸಿ ಹತ್ತುವ, ಪೆನ್ಸಿಲ್ಲಿನ ಸೀಸದಂತೆಯೇ ಕಾಣುವ ಕಲ್ಲು ಅದು. ಎರಡೂ ಒಂದೇ ಎಂದು ಜನ ನಂಬಿದ್ದ ಕಾಲ. ಷೀಲೆ ಅದರ ಮೇಲೆ ನೈಟ್ರಿಕ್ ಆಮ್ಲವನ್ನು ಮತ್ತೆ ಮತ್ತೆ ಸುರಿದು ಕಾಸಿದಾಗ ಬಿಳಿಯ ಮಣ್ಣಿನಂಥ ಪುಡಿ ಉಳಿಯಿತು. ಸೀಸದ ಕಡ್ಡಿ ಹೀಗೆ ಮಾಡುವುದಿಲ್ಲ. ಇದರೊಳಗೆ ಹೊಸ ಲೋಹವೊಂದು ಅಡಗಿದೆ ಎಂದು ಆತ ಊಹಿಸಿದನಾದರೂ ಅದನ್ನು ಬಿಡಿಸುವಷ್ಟು ಬಲವಾದ ಕುಲುಮೆ ಅವನಲ್ಲಿರಲಿಲ್ಲ. ಗೆಳೆಯ ಯೆಲ್ಮನಿಗೆ ಆ ಕೆಲಸ ಒಪ್ಪಿಸಿದ. ಯೆಲ್ಮ 1781ರಲ್ಲಿ ಇದ್ದಿಲಿನೊಡನೆ ಕಾಸಿ ಲೋಹವನ್ನು ತೆಗೆದ.

ಬಿಳಿ ಪುಡಿಗೆ ಇನ್ನೊಂದು ವಿಚಿತ್ರ ಗುಣವುಂಟು. ಅದರ ಆಮ್ಲಜನಕವನ್ನು ಸ್ವಲ್ಪವೇ ಸ್ವಲ್ಪ ಕಸಿದುಕೊಂಡರೆ ಗಾಢ ನೀಲಿ ಬರುತ್ತದೆ. ದೊಡ್ಡಬಳ್ಳಾಪುರದ ರೈತ ತನ್ನ ಕೆಮ್ಮಣ್ಣನ್ನು ಪರೀಕ್ಷೆಗೆ ಕೊಟ್ಟಾಗ, ಅದರಲ್ಲಿ ರಂಜಕ ಎಷ್ಟಿದೆ ಎಂದು ಅಳೆಯುವುದು ಈ ನೀಲಿಯಿಂದಲೇ. ಮಣ್ಣಿನ ಕಷಾಯಕ್ಕೆ ಅಮೋನಿಯಂ ಮಾಲಿಬ್ಡೇಟು ಬೆರೆಸಿ, ನೀಲಿ ಎಷ್ಟು ಗಾಢವಾಯಿತೆಂದು ನೋಡಿ ಗೊಬ್ಬರದ ಲೆಕ್ಕ ಹೇಳುತ್ತಾರೆ.

ಇನ್ನು ಪುಡಿಯ ಒಳಮನೆಗೆ ಬರೋಣ. ಕ್ಷ-ಕಿರಣಗಳಿಂದ ಹರಳಿನ ಒಳರಚನೆಯನ್ನು ಅರಿಯುವ ವಿದ್ಯೆ ಬಂದ ಮೇಲೆ, 1931ರಲ್ಲಿ ಈ ಬಿಳಿ ಆಕ್ಸೈಡಿನ ರಚನೆ ಬೆಳಕಿಗೆ ಬಂತು. ಪ್ರತಿಯೊಂದು ಲೋಹದ ಪರಮಾಣುವಿನ ಸುತ್ತ ಆರು ಆಮ್ಲಜನಕಗಳು ನಿಂತು ಎಂಟು ಮುಖದ ಒಂದು ಗೂಡಾಗುತ್ತದೆ. ಈ ಗೂಡುಗಳು ಅಂಚಿಗೆ ಅಂಚು, ಮೂಲೆಗೆ ಮೂಲೆ ಹೊಂದಿಸಿಕೊಂಡು ಹಾಳೆಗಳಾಗುತ್ತವೆ. ಹಾಳೆ ಹಾಳೆಯ ನಡುವೆ ಹೆಚ್ಚಿನ ಬಂಧವಿಲ್ಲ. ಮದುವೆಮನೆಯ ಚಿರೋಟಿಯನ್ನು ನೆನೆಯಿರಿ, ಅಷ್ಟೆ. ಇದರ ಒಡಹುಟ್ಟಿದಂಥ ಲೋಹ ಟಂಗ್‌ಸ್ಟನ್ನಿನ ಆಕ್ಸೈಡಿನಲ್ಲಾದರೋ ಅದೇ ಗೂಡುಗಳು ಮೂಲೆಗಳನ್ನು ಮಾತ್ರ ಹಂಚಿಕೊಂಡು ಮೂರು ದಿಕ್ಕಿಗೂ ಬೆಳೆಯುತ್ತವೆ. ನಡುನಡುವೆ ಓಣಿಗಳುಳ್ಳ ಜಾಲಂದ್ರದ ಕಟ್ಟಡ ಅದು. ಮಾಲಿಬ್ಡಿನಮ್ಮನ್ನು ಕುಲುಮೆಯಲ್ಲಿ ಎಷ್ಟು ಕಾಸಿದರೂ ಸಿಕ್ಕುವುದು ಚಿರೋಟಿಯೇ. ಅಕ್ಕನ ಮನೆಯ ಮಾದರಿಯಲ್ಲಿ ತಂಗಿಯ ಮನೆಯನ್ನು ಕಟ್ಟಲಾಗದೆ?

ಈ ಪ್ರಶ್ನೆಗೆ ಉತ್ತರ ಬೆಂಗಳೂರಿನಲ್ಲೂ ಸಿಕ್ಕಿತು. ನಮ್ಮವರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ 1976ರಲ್ಲಿ ಕಾನ್ಪುರದಿಂದ ಹಿಂದಿರುಗಿದ ಪ್ರೊಫೆಸರ್ ಸಿ. ಎನ್. ಆರ್. ರಾವ್ ಅವರು ಅಲ್ಲಿ ಘನವಸ್ತುಗಳ ರಸಾಯನಕ್ಕೆಂದೇ ಒಂದು ವಿಭಾಗವನ್ನು ತೆರೆದರು. ಅಲ್ಲಿ ಅವರೂ ಜೆ. ಗೋಪಾಲಕೃಷ್ಣನ್, ಎ. ರಾಮನನ್, ಎಲ್. ಗಣಪತಿ ಅವರೂ ಹಿಡಿದ ದಾರಿ ಕುಲುಮೆಯದಲ್ಲ, ಸಂಡಿಗೆ ಒಣಗಿಸುವ ಗೃಹಿಣಿಯದು.

ಮಾಲಿಬ್ಡೇಟಿನ ದ್ರಾವಣವನ್ನು ಆಮ್ಲಕ್ಕೆ ಬೆರೆಸಿ ವಾರಗಟ್ಟಲೆ ಸುಮ್ಮನೆ ಬಿಟ್ಟರೆ ನೀರನ್ನು ಒಡಲಲ್ಲಿಟ್ಟುಕೊಂಡ ಹಳದಿ ಹರಳುಗಳು ಇಳಿಯುತ್ತವೆ. ಮಾಲಿಬ್ಡಿಕ್ ಆಮ್ಲವೆಂದು ಅದರ ಹೆಸರು. ಅದರಲ್ಲಿಯೂ ಗೂಡುಗಳು ಹಾಳೆಗಳಾಗಿಯೇ ಇವೆ. ಆದರೆ ಮೂಲೆಗಳಿಂದ ಮಾತ್ರ ಜೋಡಿಕೊಂಡ ಹಾಳೆಗಳು. ಪ್ರತಿ ಗೂಡಿನ ಒಂದು ಮೂಲೆಯಲ್ಲಿ ನೀರಿನ ಅಣು ಕುಳಿತಿರುತ್ತದೆ. ಹದವಾಗಿ, ಮೂರು ನೂರು ಡಿಗ್ರಿಯ ಆಸುಪಾಸಿನಲ್ಲಿ ಕಾಸಿದರೆ ನೀರು ಎದ್ದು ಹೋಗುತ್ತದೆ. ಅದು ಬಿಟ್ಟುಹೋದ ಜಾಗದಲ್ಲಿ ಒಂದು ಹಾಳೆ ಇನ್ನೊಂದರ ಮೂಲೆ ಹಿಡಿಯುತ್ತದೆ. ಹಳೆಯ ಗೋಡೆಗಳನ್ನು ಕೆಡವದೆಯೇ ಜಾಲಂದ್ರದ ಮನೆ ಎದ್ದು ನಿಲ್ಲುತ್ತದೆ! ಈ ಪುಡಿಯ ಬಣ್ಣ ಬಿಳಿಯಲ್ಲ, ಹಳದಿ. ಆತುರಪಟ್ಟು ಉರಿಯನ್ನು ನಾನೂರರ ಸುಮಾರಿಗೆ ಏರಿಸಿದರೆ ಕಟ್ಟಡ ಕುಸಿದು ಮತ್ತೆ ಬಿಳಿ ಚಿರೋಟಿ. ಒಮ್ಮೆ ಹಾಗಾದ ಮೇಲೆ, ಆರಿಸಿದರೂ ಅದು ಹಳದಿಗೆ ಮರಳದು.

ಟಂಗ್‌ಸ್ಟನ್ ಬೆರೆಸಿದ ಪುಡಿಗಳನ್ನೂ ಹೀಗೆಯೇ ಮಾಡಿ ಅವರು 1986ರಲ್ಲಿ ಪ್ರಕಟಿಸಿದರು. ಅಮೆರಿಕದ ಡ್ಯುಪಾಂಟ್ ಕಂಪನಿಯ ಮೆಕ್ಯಾರನ್ ಎಂಬುವರೂ ಹಳದಿ ಪುಡಿಯ ವರದಿಯನ್ನು ಅದೇ ವರ್ಷ ಕೊಟ್ಟರೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ. ಯಾರು ಮೊದಲು ಎಂಬ ಜಗಳ ನನಗೆ ಬೇಡ. ನನಗೆ ಹಿಡಿಸಿದ ಸಂಗತಿ ಬೇರೆ. ಪುಡಿಯನ್ನು ಗುರುತಿಸಲು ಕ್ಷ-ಕಿರಣದ ಯಂತ್ರ ಬೇಕು, ನಿಜ. ಮಾಡಲು ಬೇಕಾದದ್ದು ಒಂದು ಗಾಜಿನ ಪಾತ್ರೆ, ಸಾಧಾರಣ ಒಲೆ, ಧಾರಾಳ ತಾಳ್ಮೆ. ಹಣವಿದ್ದ ದೇಶಗಳೊಡನೆ ಕುಲುಮೆಯ ಶಾಖದಲ್ಲಿ ಪಂದ್ಯ ಕಟ್ಟಿದ್ದರೆ ನಮಗೆ ಕಷ್ಟವಾಗುತ್ತಿತ್ತು. ಇದು ಸೌಮ್ಯ ಶಾಖದ ಪಂದ್ಯ. ಪುಡಿಯ ಓಣಿಗಳೊಳಗೆ ಲಿಥಿಯಮ್ಮಿನಂಥ ಪುಟ್ಟ ಪರಮಾಣುಗಳನ್ನು ಹೊಗಿಸಬಹುದಾದ್ದರಿಂದ ಬ್ಯಾಟರಿಯ ಕೆಲಸದವರಿಗೂ ಅದರ ಮೇಲೆ ಕಣ್ಣುಂಟು.

ಹೆಬ್ಬಾಳ ದಾಟಿ ದೇವನಹಳ್ಳಿಯ ಕಡೆಗೆ ಹೋಗುವಾಗ, ಯಲಹಂಕಕ್ಕೆ ಮುಂಚೆ ಜಕ್ಕೂರು. 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇರುವುದು ಅಲ್ಲಿ. 2010ರಲ್ಲಿ ರಾವ್ ಮತ್ತು ಸಹೋದ್ಯೋಗಿಗಳು ಅಲ್ಲಿಂದ ಒಂದು ಲೇಖನವನ್ನು ಹೊರತಂದರು. ಅದರಲ್ಲಿ ಹೇಳಿರುವ ವಿಧಾನಗಳಲ್ಲೊಂದು ಹೀಗಿದೆ: ಮಾಲಿಬ್ಡಿಕ್ ಆಮ್ಲಕ್ಕೆ ಯೂರಿಯದ ದಾಯಾದಿಯಾದ, ಗಂಧಕವುಳ್ಳ ಥಯೋಯೂರಿಯವನ್ನು ಧಾರಾಳವಾಗಿ ಸೇರಿಸಿ, ಗಾಳಿ ತಾಕದಂತೆ ಸಾರಜನಕದಲ್ಲಿ 500 ಡಿಗ್ರಿಗೆ ಕಾಸುವುದು. ಸಿಕ್ಕುವುದು ಕೆಲವೇ ಕೆಲವು ಪದರಗಳ ದಪ್ಪವಿರುವ ಮಾಲಿಬ್ಡಿನಮ್ ಸಲ್ಫೈಡು. ಎಂದರೆ 1778ರಲ್ಲಿ ಷೀಲೆ ಆಮ್ಲ ಸುರಿದು ಒಡೆದ ಅದೇ ಕಪ್ಪು ವಸ್ತು, ಈ ಸಲ ಕೈಯಿಂದ ಕಟ್ಟಿದ್ದು.